ಸೀಟಿಗಿಂತ ಮೊದಲು ಎದ್ದ ಕೈ

ನಮ್ಮ ಪಿ.ಟಿ. ಟೀಚರ್ ಕೊರಳಲ್ಲಿ ಯಾವಾಗಲೂ ಎರಡು ದಾರಗಳಿರುತ್ತಿದ್ದವು. ಒಂದರಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಇನ್ನೊಂದರಲ್ಲಿ ಸ್ಟೀಲಿನ ಸೀಟಿ. ಅವರು ಓಡಿದಾಗ ಎರಡೂ ಒಂದಕ್ಕೊಂದು ಬಡಿದು ಕಿಣಿಕಿಣಿ ಎನ್ನುತ್ತಿದ್ದವು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಸೀರೆಯ ಅಂಚಿನಲ್ಲಿ ಮೈದಾನಕ್ಕೆ ಗೆರೆ ಹಾಕಿದ ಸುಣ್ಣ. ಬೆನ್ನ ಹಿಂದೆ ಅವರು ಎಷ್ಟು ದೂರದಲ್ಲಿದ್ದಾರೆ ಎಂಬುದು ನಮಗೆ ಆ ಸದ್ದಿನಿಂದಲೇ ತಿಳಿಯುತ್ತಿತ್ತು.

ಸೇಡಂನಲ್ಲಿ ನಾನು ಓದಿದ ಶಾಲೆಯ ಮೈದಾನದಲ್ಲಿ ಮಣ್ಣಿಗಿಂತ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಚಿಪ್ಪುಗಳೇ ಹೆಚ್ಚು. ಖೋಖೋ ಆಡುವ ಮೊದಲು ನಾವು ಸಾಲಾಗಿ ಕುಳಿತು ಆ ಚಿಪ್ಪುಗಳನ್ನು ಆರಿಸಬೇಕಿತ್ತು. ಹುಡುಗಿಯರನ್ನು ಆಟಕ್ಕೆ ಕಳಿಸುವವರೇ ಇರಲಿಲ್ಲ. ಟೀಚರ್ ಮನೆಮನೆಗೆ ಹೋಗಿ, ಅಪ್ಪ ಹೂಂ ಎನ್ನುವ ತನಕ ಕೊಟ್ಟ ಚಹಾ ಮುಟ್ಟದೆ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಆ ಚಹಾ ಪೂರ್ತಿ ಆರಿಹೋಗಿತ್ತು. ನಮ್ಮಪ್ಪ ಬೇರೆ ಚಹಾ ಮಾಡಿಸಿ, ಅದರ ಜೊತೆಗೆ ನನ್ನನ್ನೂ ಕೊಟ್ಟರು.

ಅವರ ಆಟದಲ್ಲಿ ಒಂದು ನಿಯಮ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಎದುರಾಳಿಯ ಬೆರಳು ಮೈಗೆ ತಗುಲಿದ್ದು ಅಂಪೈರಿಗೆ ಕಾಣದಿದ್ದರೂ ನಾವೇ ಕೈ ಎತ್ತಿ ಹೊರಗೆ ನಡೆಯಬೇಕು. "ಸೀಟಿಗಿಂತ ಮೊದಲ ನಿನ್ನ ಕೈ ಏಳಬೇಕು" ಎನ್ನುತ್ತಿದ್ದರು. ಚಿಂಚೋಳಿಯಲ್ಲಿ ಒಮ್ಮೆ ಫೈನಲ್ ಆಟದ ಕೊನೆಗೆ ನನ್ನ ಬೆನ್ನಿಗೆ ಒಂದು ಬೆರಳ ತುದಿ ತಾಕಿತು. ಯಾರೂ ನೋಡಲಿಲ್ಲ. ನಾನು ಕೈ ಎತ್ತಿದೆ, ನಾವು ಸೋತೆವು. ಬೇರೆ ಶಾಲೆಗಳ ಮಾಸ್ತರುಗಳು ನಕ್ಕರು. ವಾಪಸು ಬರುವ ಬಸ್ಸಿನಲ್ಲಿ ಟೀಚರ್ ಎಲ್ಲರಿಗೂ ಮಿರ್ಚಿ ಭಜಿ ಹಂಚಿ, ನನಗೊಂದು ಹೆಚ್ಚಿಗೆ ಕೊಟ್ಟರು. ನಾನು ಅದನ್ನು ಸಿಟ್ಟಿನಿಂದಲೇ ತಿಂದೆ.

ಈಗ ನನ್ನ ಹೊಟ್ಟೆಪಾಡು ಚಿತ್ತಾಪುರದ ಕೋರ್ಟಿನ ಎದುರು ಟೈಪಿಂಗ್. ಮೇಲಿನದೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ ಎಂಬ ಸಾಲನ್ನು ದಿನವೂ ಬಡಿಯುತ್ತೇನೆ, ಅದನ್ನು ಬರೆಸುವವರು ಎದುರಿನ ಬೆಂಚಿನಲ್ಲಿ ಕುಳಿತು ಕತೆ ಹೊಂದಿಸುವುದನ್ನೂ ದಿನವೂ ಕೇಳುತ್ತೇನೆ. ಹಾಗಾಗಿ ಯಾರು ಏನು ಹೇಳಿದರೂ ಇದರಿಂದ ಇವರಿಗೇನು ಲಾಭ ಎಂದು ಮೊದಲು ಯೋಚಿಸುವ ಚಟ ಅಂಟಿಕೊಂಡಿದೆ. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ನಿವೃತ್ತಿಯಾದ ಮೇಲೆ ಟೀಚರ್ ವಾಡಿಯಲ್ಲಿ ನೆಲೆಸಿದರು. ಸಂಜೆ ಅಲ್ಲಿನ ಹುಡುಗಿಯರಿಗೆ ಖೋಖೋ ಕಲಿಸುತ್ತಿದ್ದರು. ಹಳೆಯ ಆಟಗಾರ್ತಿಯರನ್ನೂ ಅವರ ಮನೆಯವರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಅದಕ್ಕೆ ಅವರೊಬ್ಬರೇ ಅಡ್ಮಿನ್. ಟೈಪು ಮಾಡಲು ಬಾರದು, ಎಲ್ಲವೂ ವಾಯ್ಸ್ ಮೆಸೇಜೇ. ಪ್ರತಿಯೊಂದೂ "ಹಲೋ, ನಾ ನಿಮ್ಮ ಟೀಚರ್ ಮಾತಾಡ್ಲಿಕತ್ತೀನಿ" ಎಂದು ಶುರುವಾಗಿ, "ಇಡ್ಲೇನು?" ಎಂದು ಮುಗಿಯುತ್ತಿತ್ತು. ಆಚೆ ಕಡೆ ಯಾರೋ ಫೋನು ಹಿಡಿದು ಕಾಯುತ್ತಿದ್ದಾರೆ ಎಂದೇ ಅವರ ಲೆಕ್ಕ. ನಾವು ನಗುತ್ತಿದ್ದೆವು.

ಆ ಗುಂಪಿನಲ್ಲಿ ವಾಡಿ ಸ್ಟೇಷನ್ ಮುಂದೆ ಆಟೋ ಓಡಿಸುವ ಒಬ್ಬಳಿದ್ದಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವಳು. ಟೀಚರನ್ನೂ ಅವರ ಹುಡುಗಿಯರನ್ನೂ ಮೈದಾನಕ್ಕೆ ಕರೆತರುವುದು ಅವಳ ಕೆಲಸ. ಆಟಕ್ಕೆ ಒಬ್ಬರು ಕಡಿಮೆ ಬಿದ್ದರೆ ಟೀಚರ್ ಅವಳನ್ನೇ ಇಳಿಸುತ್ತಿದ್ದರು. ಹಾಗೆ ಇಳಿದಿಳಿದು ಅವಳು ಎಲ್ಲರಿಗಿಂತ ಚೆನ್ನಾಗಿ ಆಡುವುದನ್ನು ಕಲಿತಳು. ಶಹಾಬಾದಿನಲ್ಲಿ ಒಂದು ಯುವಕ ಸಂಘದವರು ಮಹಿಳೆಯರ ಖೋಖೋ ಪಂದ್ಯ ಇಟ್ಟಾಗ ಅವಳೂ ಹೆಸರು ಕೊಟ್ಟಳು.

ಅಲ್ಲಿಂದ ಶುರುವಾಯಿತು. ಯಾರೋ ಅವಳ ಫೋಟೊ ಗುಂಪಿಗೆ ಹಾಕಿ, ಇವಳು ಆಡಬಹುದೇ ಎಂದು ಕೇಳಿದರು. ಕೆಲವರು ಕಾನೂನು ಹೇಳಿದರು. ಹೆಚ್ಚಿನವರು ಹೊಲಸು ಜೋಕು ಹಾಕಿದರು. ಮೂರನೆಯ ದಿನ ಟೀಚರ್ ಮಾತಾಡಿದರು. ಜೋಕು ಹಾಕಿದವರಿಗೆ ಮೊದಲು ಚೆನ್ನಾಗಿ ಉಗಿದರು. ಆಮೇಲೆ ಹೇಳಿದ ಮಾತು ಇದು: "ಆಕಿ ನನ್ನ ಮಗಳಿದ್ದಂಗ. ಆದ್ರ ಹೆಣ್ಣುಮಕ್ಕಳ ಪಂದ್ಯದಾಗ ಹೆಣ್ಣಾಗಿ ಹುಟ್ಟಿದವರೇ ಆಡಬೇಕು ಅಂತೀನಿ. ಓಟದಾಗ ಮೈ ಬಲಾನೇ ಮುಂದ ಬರ್ತದ. ನಾ ಒಂದೊಂದು ಹುಡುಗಿನ್ನ ಅವರಪ್ಪನ ಕಡಿಂದ ಬೇಡಿ ತಂದೀನಿ ಈ ಮೈದಾನಕ್ಕ. ಇಡ್ಲೇನು?"

ಗುಂಪು ಕುದಿಯಿತು. ಮಗಳನ್ನು ಒಂದು ದಿನವೂ ಆಟಕ್ಕೆ ಕಳಿಸದ ಗಂಡಸರು ಟೀಚರಿಗೆ ಜೈ ಎಂದರು. ಅವರು ಮೆಚ್ಚಿದ್ದು ಆಟವನ್ನಲ್ಲ, ಆಟೋದವಳಿಗೆ ಏಟು ಬಿದ್ದದ್ದನ್ನು ಎಂದು ನನಗೆ ಆಗಲೇ ಅನ್ನಿಸಿತ್ತು. ಟೀಚರಿಗೂ ಅನ್ನಿಸಿರಬೇಕು. ಜೈ ಅಂದವರ ಮನೆಯ ಹೆಣ್ಣುಮಕ್ಕಳು ನಾಳೆ ಸಂಜೆ ಮೈದಾನಕ್ಕೆ ಬರಲಿ ಎಂದು ಇನ್ನೊಂದು ಮೆಸೇಜು ಬಿಟ್ಟರು. ಯಾರೂ ಬರಲಿಲ್ಲ. ಇದೆಲ್ಲದರ ನಡುವೆ ಯಾರೋ ಒಬ್ಬರು, ಇಂಥ ಮಾತಿಗೆ ಈಗ ಕೇಸ್ ಆಗುತ್ತದೆ ಟೀಚರ್, ಹುಷಾರು ಎಂದು ಬರೆದಿದ್ದರು.

ಕೆಲವು ದಿನ ಕಳೆದ ಮೇಲೆ ಟೀಚರಿಗೆ ಪೊಲೀಸ್ ಠಾಣೆಯಿಂದ ಫೋನು ಬಂತು. ಯಾವ ಊರಿನ ಠಾಣೆ ಎಂದು ಬರೆಯುವುದಿಲ್ಲ. ಬರೆದರೆ ನನ್ನನ್ನೂ ಕರೆದಾರು.

ಕೋರ್ಟಿನ ಭಾಷೆ ಗೊತ್ತಿದೆ ಎಂದು ಟೀಚರ್ ನನ್ನನ್ನು ಜೊತೆಗೆ ಕರೆದೊಯ್ದರು. ಠಾಣೆಯ ಸಾಹೇಬರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅಷ್ಟು ಮರ್ಯಾದೆ ನೋಡಿಯೇ ನನಗೆ ಹೆದರಿಕೆಯಾಯಿತು. ಟೀಚರ್ ಚಹಾ ಮುಟ್ಟಲಿಲ್ಲ. ಮೆಸೇಜು ಅಳಿಸಿಬಿಡಿ, ಗುಂಪಿನಲ್ಲಿ ನೀವೊಬ್ಬರೇ ಮಾತಾಡುವಂತೆ ಮಾಡಿಬಿಡಿ, ಅಲ್ಲಿಗೆ ಮುಗಿಯಿತು ಎಂದು ಸಾಹೇಬರು ಮೆಲ್ಲಗೆ ಹೇಳಿದರು.

"ನಾ ತಪ್ಪ ಮಾಡೀನೇನ್ರಿ?" ಎಂದು ಟೀಚರ್ ಕೇಳಿದರು.

"ತಪ್ಪ ಮಾಡೀರಿ ಅಂತ ನಾ ಹೇಳ್ಲಿಕತ್ತಿಲ್ರಿ. ತಪ್ಪಿಲ್ಲ ಅಂತ ಹೇಳ್ಲಿಕ್ಕೂ ನನಗ ಬರಂಗಿಲ್ಲ."

"ಗೆರಿ ಎಲ್ಲಿ ಅದ ತೋರಸ್ರಿ. ದಾಟಿದ್ದರ ನಾನೇ ಹೊರಗ ಹೋಗ್ತೀನಿ."

ಕಾಲ ಸರಿ ಇಲ್ಲ, ಮೇಲಿನವರು ಎಲ್ಲವನ್ನೂ ನೋಡುತ್ತಿದ್ದಾರೆ ಎಂದಷ್ಟೇ ಸಾಹೇಬರು ಹೇಳಿದರು. ನಿಮಗೆ ಈ ಮೆಸೇಜು ಕೊಟ್ಟವರು ಯಾರು ಎಂದು ನಾನು ಕೇಳಿದೆ. ಅದನ್ನು ಹೇಳಲಾಗದು ಎಂದರು. ಪಕ್ಕದ ಮೇಜಿನಲ್ಲಿ ಕುಳಿತ ಮಹಿಳಾ ಪೊಲೀಸ್, ಸೇಡಂನಲ್ಲಿ ನನಗಿಂತ ಎರಡು ವರ್ಷ ಕಿರಿಯಳಾಗಿ ಇದೇ ಟೀಚರ್ ಕೈಯಲ್ಲಿ ಆಡಿದವಳು, ತಲೆ ಎತ್ತಲೇ ಇಲ್ಲ. ಟೀಚರೂ ಅವಳ ಕಡೆ ನೋಡಲಿಲ್ಲ. ಅಲ್ಲೇ ಕುಳಿತು, ನನ್ನಿಂದ ಕೇಳಿಕೊಂಡು, ತಮ್ಮ ಮೆಸೇಜು ಅಳಿಸಿ ಗುಂಪಿನ ಬಾಯಿ ಮುಚ್ಚಿದರು.

ಕೊಟ್ಟವರು ಯಾರು ಎಂಬುದೇ ಆಮೇಲಿನ ದಿನಗಳ ಮಾತಾಯಿತು. ಗುಂಪಿನಲ್ಲಿ ಮಾತಾಡುವಂತಿಲ್ಲವಾದ್ದರಿಂದ ಎಲ್ಲರೂ ಒಬ್ಬೊಬ್ಬರಿಗೇ ಫೋನು ಮಾಡಿ ಪಿಸುಗುಟ್ಟಿದರು. ಫೋನಿಟ್ಟ ಮೇಲೆ, ಈಗ ಮಾತಾಡಿದವಳೇ ಯಾಕಿರಬಾರದು ಎಂದು ನಾನೇ ಯೋಚಿಸುತ್ತಿದ್ದೆ. ಆದರೂ ಎಲ್ಲರ ಬೆರಳು ಕೊನೆಗೆ ಹೋಗಿ ನಿಂತದ್ದು ಆಟೋದವಳ ಕಡೆಗೆ, ನನ್ನದೂ. ನೋವಾದವಳು ಅವಳು, ಲಾಭವೂ ಅವಳದೇ. ಟೀಚರಿಗೆ ಠಾಣೆ ತೋರಿಸಿದವಳು ಎಂದು ವಾಡಿಯಲ್ಲಿ ತಂದೆತಾಯಿಗಳು ತಮ್ಮ ಮಕ್ಕಳನ್ನು ಅವಳ ಆಟೋದಿಂದ ಬಿಡಿಸಿದರು. ಸ್ಟೇಷನ್ ಮುಂದಿನ ಆಟೋದವರು ಅವಳನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳಲಿಲ್ಲ. ಅವಳ ಅನ್ನಕ್ಕೇ ಕಲ್ಲು ಬಿತ್ತು.

ಆಗ ಟೀಚರ್ ಗುಂಪಿನಲ್ಲಿ ಇನ್ನೊಮ್ಮೆ ಮಾತಾಡಿದರು. "ಹಲೋ, ನಾ ನಿಮ್ಮ ಟೀಚರ್ ಮಾತಾಡ್ಲಿಕತ್ತೀನಿ. ನನ್ನ ಮಾತು ಠಾಣೆಕ್ಕ ಮುಟ್ಟಿಸಿದಾಕಿ ನಾನೇ. ಆಕಿ ಅಲ್ಲ. ನಾ ಕೈ ಎತ್ತೀನಿ, ಎಲ್ಲಾರೂ ನೋಡ್ರಿ. ಇಡ್ಲೇನು?"

ಒಬ್ಬರೂ ನಂಬಲಿಲ್ಲ. ತನ್ನ ಮೇಲೆ ತಾನೇ ಪೊಲೀಸರನ್ನು ಯಾರಾದರೂ ಕರೆದುಕೊಳ್ಳುತ್ತಾರೆಯೇ? ಪಾಪ, ಅವಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ ಎಂದರು. ಅವಳು ಹೆದರಿಸಿ ಹೇಳಿಸಿದ್ದಾಳೆ ಎಂದವರೂ ಇದ್ದರು. ನಾನು ಫೋನು ಮಾಡಿ, ಯಾರ ಕೈಗೆ ಕೊಟ್ಟಿರಿ ಎಂದು ಕೇಳಿದೆ. ಅದು ನಿನಗೆ ಬೇಡ ಎಂದರು. ಟೈಪಿಂಗ್ ಬೆಂಚಿನ ಮುಂದೆ ಅರ್ಧ ಹೇಳಿ ಅರ್ಧ ನುಂಗುವವರನ್ನು ಬಹಳ ನೋಡಿದ್ದೇನೆ. ಟೀಚರನ್ನೂ ಆ ಲೆಕ್ಕಕ್ಕೇ ಸೇರಿಸಿದೆ.

ಅಂದಿನಿಂದ ಅವರು ಹಾಲು ತರಲು ಹೋದರೂ ಸ್ಟೇಷನ್ ಮುಂದೆ, ಎಲ್ಲರ ಕಣ್ಣಿಗೆ ಬೀಳುವಂತೆ, ಆ ಆಟೋವನ್ನೇ ಹತ್ತುತ್ತಿದ್ದರು. ನಿಧಾನವಾಗಿ ಒಂದಿಬ್ಬರು ಮಕ್ಕಳು ಮರಳಿ ಬಂದರು. ಶಹಾಬಾದಿನ ಸಂಘದವರು ಮಾತ್ರ ತಲೆನೋವು ಬೇಡವೆಂದು ಮಹಿಳೆಯರ ಪಂದ್ಯವನ್ನೇ ಕೈಬಿಟ್ಟು ಗಂಡಸರ ವಾಲಿಬಾಲ್ ಇಟ್ಟರು. ಆ ದಿನ ಟೀಚರ್ ನನಗೆ ಫೋನು ಮಾಡಿದ್ದರು. "ಆಕಿನೂ ಆಡಲಿಲ್ಲ, ನನ್ನ ಹುಡುಗ್ಯಾರೂ ಆಡಲಿಲ್ಲ" ಎಂದು ಹೇಳಿ ಅತ್ತರು. ಅವರು ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುವರ್ಷ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಒಯ್ದದ್ದೂ ಅದೇ ಆಟೋದಲ್ಲಂತೆ. ನಾನು ಹೋಗುವಷ್ಟರಲ್ಲಿ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮುಂದೆ ಹೂ ಇಟ್ಟಿದ್ದರು. ಕರಡಿಗೆಯ ದಾರ ಕೊರಳಲ್ಲಿತ್ತು. ಸೀಟಿಯ ದಾರವನ್ನು ಯಾರೋ ತೆಗೆದು ಗೋಡೆಯ ಮೊಳೆಗೆ ಹಾಕಿದ್ದರು.

ಸೀರೆಯುಟ್ಟು ಬಂದಿದ್ದ ಆ ಮಹಿಳಾ ಪೊಲೀಸ್ ನನ್ನನ್ನು ಅಂಗಳದ ಮೂಲೆಗೆ ಕರೆದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಅಕ್ಕಾ, ಟೀಚರ್ ಆ ಮೆಸೇಜ್ ನನಗೇ ಕಳಿಸಿದ್ರು. ನನಗ ತಿಳೀಲಿಲ್ಲ, ಸಾಹೇಬ್ರಿಗೆ ಕೇಳಿಸಿದೆ. ಅಷ್ಟಕ್ಕೇ ಕರಸ್ತಾರಂತ ನನಗೇನ್ ಗೊತ್ತಿತ್ತು? ನಿನ್ನ ಹೆಸರ ಎಲ್ಲಿಯೂ ಹೇಳಂಗಿಲ್ಲ ಅಂತ ಟೀಚರ್ ಅಂದ್ರು. ಹೇಳ್ಲಿಲ್ಲ."

ಸಾವಿನ ಮನೆಯಲ್ಲೂ ನನ್ನ ಚಟ ಬಿಡಲಿಲ್ಲ. ಕೇಳಿಸು ಎಂದೆ. ಅವಳು ಫೋನು ಒತ್ತಿದಳು. ಸದ್ದು ಕಡಿಮೆ ಮಾಡಲು ಮರೆತಿದ್ದಳು.

"ಹಲೋ, ನಾ ನಿಮ್ಮ ಟೀಚರ್ ಮಾತಾಡ್ಲಿಕತ್ತೀನಿ. ನಾ ಗುಂಪಿನಾಗ ಆಡಿದ ಮಾತು ಇದರ ಹಿಂದ ಕಳಿಸೀನಿ. ಕೇಸ್ ಆಗ್ತದ ಅಂತ ಯಾರೋ ಬರದಾರ. ಫೌಲ್ ಆಗ್ಯಾದೇನು ನೋಡಿ ಹೇಳವಾ. ಆಗಿದ್ದರ ಅವರು ಸೀಟಿ ಊದೂದು ಬ್ಯಾಡ, ನಾನೇ ಮೊದಲ ಕೈ ಎತ್ತತೀನಿ. ಇಡ್ಲೇನು?"

ಅಂಗಳದಲ್ಲಿದ್ದ ಹೆಂಗಸರೆಲ್ಲ ಬೆಚ್ಚಿ ಒಮ್ಮೆ ನಮ್ಮತ್ತ, ಒಮ್ಮೆ ಕೂರಿಸಿದ್ದ ಟೀಚರತ್ತ ನೋಡಿದರು. ಠಾಣೆಯನ್ನು ಅಂಪೈರ್ ಎಂದು ತಿಳಿದವರು ನಮ್ಮ ಕಡೆ ಅವರೊಬ್ಬರೇ ಇರಬೇಕು.

ಆಟೋದವಳು ಗೇಟಿನ ಹೊರಗೆ ನಿಂತಿದ್ದಳು. ದನಿ ಕೇಳಿ ಒಳಗೆ ಬಂದಳು. ಬೇರೆಯವರ ಮುಖದಲ್ಲಿದ್ದ ಆಶ್ಚರ್ಯ ಅವಳ ಮುಖದಲ್ಲಿ ಇರಲಿಲ್ಲ.

"ನನಗ ಗೊತ್ತಿತ್ರಿ ಅಕ್ಕೋರೆ, ಅವರೇ ಕೊಟ್ಟಾರಂತ. ಪ್ರಾಕ್ಟೀಸಿಗೆ ಬೇಕು, ಪಂದ್ಯಕ್ಕ ಬ್ಯಾಡೇನು ಅಂತ ಅವರ ಮನಿಗೇ ಹೋಗಿ ಜಗಳಾಡೀನಿ. ರೊಟ್ಟಿ ಹಾಕಿ, ಕುಂದರಿಸಿ ಅವರೂ ಜಗಳಾಡಿದ್ರು. ಅವರ ಮಾತು ನನಗ ಇವತ್ತಿಗೂ ಒಪ್ಪಿಗಿ ಇಲ್ಲ. ನಮ್ಮ ಜಗಳ ಇನ್ನಾ ಮುಗಿದಿದ್ದಿಲ್ರಿ."

ಹೀಗೆ ಹೇಳಿ, ಮೊಳೆಯ ಮೇಲಿದ್ದ ಸೀಟಿಯನ್ನು ಒಮ್ಮೆ ಮುಟ್ಟಿ, ಮಣ್ಣಿಗೆ ಒಯ್ಯುವವರಿಗೆ ದಾರಿ ಬಿಟ್ಟು ನಿಂತಳು.

ನನ್ನ ಸಂಶಯದ ಬುದ್ಧಿ ಹೋಗಿದೆ ಎಂದರೆ ನೀವು ನಂಬಬೇಡಿ. ಬೆಂಚಿನ ಮುಂದೆ ಕೂರುವವರು ಇಂದಿಗೂ ಕತೆ ಹೊಂದಿಸುತ್ತಾರೆ. ಆದರೆ ಯಾರ ಭಯವೂ ಇಲ್ಲದೆ ತನ್ನ ಕೈ ತಾನೇ ಎತ್ತುವವರೂ ಇರುತ್ತಾರೆ ಎಂಬುದನ್ನು ನಾನು ಒಂದು ಸಲ ಕಣ್ಣಾರೆ ಕಂಡಿದ್ದೇನೆ. ಅದು ಅವರ ಋಣ.

ಮಣ್ಣು ಕೊಟ್ಟು ಬಂದ ಸಂಜೆ ಚಿತ್ತಾಪುರದ ಬಸ್ಸಿನಲ್ಲಿ ಕುಳಿತು ಗುಂಪು ತೆರೆದೆ. ಎಲ್ಲಕ್ಕಿಂತ ಕೆಳಗೆ, ಮುಟ್ಟಿಸಿದಾಕಿ ನಾನೇ ಎಂಬ ಅವರ ಆ ಕೊನೆಯ ಮೆಸೇಜು ಇತ್ತು. ಇನ್ನೊಮ್ಮೆ ಕೇಳಿದೆ. ಇಡ್ಲೇನು ಎಂದರು. ಇಡಬೇಡ್ರಿ ಟೀಚರ್, ನಿಮ್ಮ ಮಾತು ಖರೆ ಅದ ಎಂದು ಬರೆಯಲು ಹೋದೆ. ಅಡ್ಮಿನ್ ಮಾತ್ರ ಸಂದೇಶ ಕಳುಹಿಸಬಹುದು ಎಂಬ ಸಾಲು ಕಾಣಿಸಿತು.