ಹರಕೆಯ ಕುರಿ ಮತ್ತು ಉಮ್ ಸಬಾಹ್

ಯಾರದಾದರೂ ಮನೆಯಲ್ಲಿ ಹರಕೆಯ ಕುರಿ ಕಡಿದರೆಂಬ ಸುದ್ದಿ ಬಂದರೆ ಉಮ್ ಸಬಾಹ್ ಕೈಯಲ್ಲಿದ್ದ ಪೊರಕೆ ಎಸೆದು ಹೊರಡುತ್ತಿದ್ದಳು. ಸೊಹಾಗ್ ಊರಿನ ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಗುಡಿಸುವುದು ಅವಳ ಕೆಲಸ. ಚಿಕಿತ್ಸೆ ಬಿಟ್ಟು ಹೋದ ಮಕ್ಕಳನ್ನು ಎಳೆದು ತರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಸೀಮೆಯಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲು ಔಷಧಿ ಕೊಟ್ಟವರು ಡಾಕ್ಟರ್ ಲುತ್ಫಿ. ನಾನು ಅವರ ಕೈಕೆಳಗೆ ಕಲಿತವಳು. ಔಷಧಿ ಶುರುವಾದ ಕೆಲವು ವಾರಗಳಲ್ಲೇ ಜ್ವರ ಇಳಿದು ಮಗು ಊಟ ಕೇಳತೊಡಗುತ್ತದೆ. ರೋಗ ಹೋಗಿರುವುದಿಲ್ಲ, ಅಡಗಿರುತ್ತದೆ. ಸೂಜಿ, ಮಾತ್ರೆ ವರ್ಷಗಟ್ಟಲೆ ನಡೆಯಬೇಕು. ಲುತ್ಫಿ ಇದನ್ನು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಜನ ತಲೆಯಾಡಿಸಿ, ಮನೆಗೆ ಹೋಗಿ ಕುರಿ ಕಡಿಯುತ್ತಿದ್ದರು. ಹರಕೆ ತೀರಿದ ಮೇಲೂ ಔಷಧಿ ಕೊಡಿಸಿದರೆ ದೇವರನ್ನು ನಂಬದ ಹಾಗಂತೆ!

ಮಿತ್ವಲ್ಲಿ ಎಂಬ ರೈತನ ಮಗ ಶೆಹಾತಾ ಹೀಗೆ ಬರುವುದನ್ನು ನಿಲ್ಲಿಸಿದಾಗ ನಾನೂ ಉಮ್ ಸಬಾಹಳ ಜೊತೆ ಜೀಪಿನಲ್ಲಿ ಹೋದೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಕುರಿಯ ರಕ್ತದಲ್ಲಿ ಅದ್ದಿ ಒತ್ತಿದ ಅಂಗೈ ಗುರುತು ಇನ್ನೂ ಹಸಿಯಾಗಿತ್ತು. ಅಂಗಳದಲ್ಲಿ ನೆಂಟರು ಊಟಕ್ಕೆ ಕೂತಿದ್ದರು.

"ಬಾರವ್ವಾ, ಒಳ್ಳೇ ಹೊತ್ತಿಗೇ ಬಂದೆ," ಎಂದ ಮಿತ್ವಲ್ಲಿ. "ನಮ್ ಹುಡುಗ ಹೋರಿ ಹಂಗೆ ನೆಗೀತಾವ್ನೆ, ನೋಡು."

"ಸೂಜಿಗೆ ಯಾಕೆ ಕರ್ಕೊಂಡ್ ಬರ್ಲಿಲ್ಲ?" ಉಮ್ ಸಬಾಹ್ ಕೇಳಿದಳು.

"ವಾಸಿಯಾದೋನಿಗೆ ಸೂಜಿ ಯಾಕೆ? ನಿಮ್ ಔಷಧಿಗೆ ಉದುರಿದ್ ಕೂದ್ಲು ಈಗಷ್ಟೇ ಬರ್ತಾ ಐತೆ."

ಹುಡುಗನ ಅಜ್ಜಿ ಸಿಡುಕಿದಳು: "ಊಟ ಬೇಕಾದ್ರೆ ಕೂತ್ಕೋ. ಮಗೀಗೆ ಕಣ್ಣು ಹಾಕ್ಬೇಡ."

"ನಿಮ್ಮ ಊಟಕ್ಕೆ ಬೆಂಕಿ ಹಾಕ!" ಉಮ್ ಸಬಾಹ್ ಅಬ್ಬರಿಸಿದಳು. "ನಾನೂ ಕಡಿದೆ ಕುರಿ, ನಿಮ್ಮದಕ್ಕಿಂತ ಕೊಬ್ಬಿದ್ದು. ಉಂಡು ಹೋದೋರೇ ಮತ್ತೆ ಬಂದ್ರು, ನನ್ನ ಮಗಳು ಸಬಾಹಳನ್ನ ಮಣ್ಣು ಮಾಡೋಕೆ. ಅದೇ ಚಾಪೆ ಹಾಸಿ ಕೂರಿಸ್ದೆ ಅವರನ್ನ."

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಒಲೆಯ ಬಳಿಯಿದ್ದ ಹುಡುಗನ ತಾಯಿ ಎದ್ದು ಬಂದಳು.

"ನಿನ್ನ ಮಗಳೂ ಹಿಂಗೇ ಓಡಾಡ್ತಿದ್ಲಾ?"

"ಇವನಿಗಿಂತ ಜೋರಾಗಿ."

ತಾಯಿ ಕೈ ಒರೆಸಿಕೊಂಡು ಮಗನನ್ನು ಎತ್ತಿಕೊಂಡಳು. ಮಿತ್ವಲ್ಲಿ ಅಡ್ಡ ಬಂದ. "ನೆಂಟರ ಮುಂದೆ ನನ್ನ ಮಾನ ಕಳೀತೀಯೇನೇ?"

"ದಾರಿ ಬಿಡಿ," ಎಂದಳು ಅವಳು. ಅವನು ಬಿಡಲಿಲ್ಲ. ಉಮ್ ಸಬಾಹ್ ಅವನ ಎದೆಗೆ ಕೈಯಿಟ್ಟು ತಳ್ಳಿದಳು.

ಜೀಪಿನಲ್ಲಿ ಶೆಹಾತಾ ಉಮ್ ಸಬಾಹಳ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದ. ಅವಳು ಹಿಡಿತ ಸಡಿಲಿಸಲಿಲ್ಲ. ಮುಂದಿನ ಸೂಜಿಯ ದಿನ ಮಿತ್ವಲ್ಲಿಯೇ ಮಗನನ್ನು ಹೊತ್ತು ತಂದ, ಅವಳತ್ತ ನೋಡದೆ.

ಶೆಹಾತಾ ಬದುಕಿದ. ಈಗ ಅವನಿಗೇ ಮಕ್ಕಳಿದ್ದಾರೆ.

ಕಳೆದ ತಿಂಗಳು ವಾರ್ಡಿಗೆ ಲುತ್ಫಿಯವರ ಹೆಸರಿಟ್ಟರು. ಅಮೃತಶಿಲೆಯ ಫಲಕ, ಹಾರ, ಭಾಷಣ. ಗುಡಿಸುವವಳ ಹೆಸರನ್ನು ಒಬ್ಬನೂ ಎತ್ತಲಿಲ್ಲ. ಲುತ್ಫಿ ಬದುಕಿದ್ದರೆ ಆ ದೊಡ್ಡ ಮನುಷ್ಯರನ್ನು ವೇದಿಕೆಯಿಂದ ಇಳಿಸಿ, ಈ ವಾರ ಬಾರದ ಮಕ್ಕಳನ್ನು ಕರೆತರಲು ಯಾರು ಹೋಗಿದ್ದೀರಿ ಎಂದು ಕೇಳುತ್ತಿದ್ದರು. ಅವರ ಪರವಾಗಿ ನಾನೇ ಎದ್ದು ಕೇಳಿದೆ. ಉಮ್ ಸಬಾಹ್ ಸತ್ತ ಮೇಲೆ ಯಾರೂ ಹೋಗುತ್ತಿಲ್ಲ.