ರತ್ನಮಾಲಾಳ ಕಟ್ಟೆಗೆ ಬಿದ್ದ ಚುಕ್ಕೆಗಳು

ರತ್ನಮಾಲಾಳ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದರೆ ನನ್ನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತದೆ. ಹೊಳೆದಂಡೆಯ ಕುರುಂದವಾಡದ ನಮ್ಮ ಓಣಿಯಲ್ಲಿ ನನ್ನ ಎದುರು ಮನೆಯವಳು. ಗಂಡ ಕಬ್ಬಿನ ಹೊಲಕ್ಕೆ ಹೋದನೆಂದರೆ ಬಾಗಿಲ ಮುಂದಿನ ಒಡಕು ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತ ಕೂಡುತ್ತಾಳೆ. ರೂಪವಿಲ್ಲ, ಮಾತಿನ ಚಾತುರ್ಯವಿಲ್ಲ, ಅವಳ ಚಹಾ ಅಂದರೆ ಬರೀ ಪಾನಕ. ಆದರೂ ಓಣಿಯ ಹೆಂಗಸರೆಲ್ಲ ಅಲ್ಲೇ ಠಿಕಾಣಿ!

ಹೋದ ತಿಂಗಳು ಸ್ನೇಹಲ ಬಂದಳು. ನೂಲ ಎಂಬ ಊರಿನ ಹುಡುಗಿ, ಕೊಲ್ಲಾಪುರದಲ್ಲಿ ಓದುತ್ತಾಳೆ. ಆ ಓದಿನ ಕೆಲಸಕ್ಕೆಂದೇ ದೊಡ್ಡ ಹಾಳೆಯ ಮೇಲೆ ನಮ್ಮ ಓಣಿಯ ನಕಾಶೆ ಬರೆದಿದ್ದಳು. ಮನಸ್ಸು ಹಗುರಾಗುವ ಜಾಗಕ್ಕೆ ಒಬ್ಬೊಬ್ಬರು ಒಂದೊಂದು ಹಸಿರು ಚುಕ್ಕೆ ಅಂಟಿಸಬೇಕು, ಯಾಕೆಂದು ಹೇಳಬೇಕು. ಹೇಳಿದ್ದನ್ನು ಅವಳು ಬರೆದುಕೊಳ್ಳುತ್ತಿದ್ದಳು.

ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನಿಸಿಕೊಂಡ ನನಗೆ ಚಿಂತೆಯಿರಲಿಲ್ಲ. ಮಹಾಪೂರ ಬಂದಾಗ, ಎತ್ತರದಲ್ಲಿರುವ ನನ್ನ ಮನೆಯಲ್ಲಿ ಹನ್ನೊಂದು ಮಂದಿ ಆರು ದಿನ ಉಂಡು ಮಲಗಿದ್ದರು. ಚುಕ್ಕೆ ಯಾರಿಗೆ ಬೀಳಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಸಂಜೆ ಹೋಗಿ ನೋಡಿದರೆ ನಕಾಶೆಯಲ್ಲಿ ಆ ಒಡಕು ಕಟ್ಟೆ ಹಸಿರಾಗಿತ್ತು. ನನ್ನ ಮನೆಗೆ ಒಂದೂ ಇಲ್ಲ. ಸ್ನೇಹಲಳ ಎದುರಿಗೇ ಹೋಗಿ ನಿಂತೆ.

"ನಮ್ಮನ್ಯಾಗ ಉಂಡವ್ರು ಏನಂದಾರ? ಓದ ನೋಡೂಣು," ಎಂದೆ.

ಸ್ನೇಹಲ ಹಿಂದೆಮುಂದೆ ನೋಡಿ, ಆ ಹನ್ನೊಂದು ಮಂದಿಯಲ್ಲಿ ಒಬ್ಬಳಾದ ಶಿವವ್ವ ನನ್ನ ಬಗ್ಗೆ ಹೇಳಿದ್ದನ್ನು ಓದಿದಳು: "ಪೂರದಾಗ ಜಿನಮತಿ ಕಾಕು ನಮ್ಮ ಜೀವಾ ಉಳಿಸ್ಯಾಳ. ಆದ್ರ ಹೊತ್ತು ಮುಳುಗೂದ್ರಾಗ ಊಟ ಮುಗೀಬೇಕು, ಅಡಗಿಮನ್ಯಾಗ ಕಾಲಿಡಬಾರದು. ಕತ್ತಲಾದ ಮ್ಯಾಲ ಕೂಸು ಹಾಲಿಗೆ ಅಳತಿತ್ತು. ಅದರ ಬಾಯಿ ಮ್ಯಾಲ ಕೈ ಇಟಗೊಂಡ ಕುಂತಿದ್ನಿ."

ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ಜೈನರಾದ ನಮ್ಮ ಮನೆಯ ನೇಮ. ಅದು ಕೂಸಿಗಲ್ಲ ಎಂದು ನನಗೂ ಗೊತ್ತಿತ್ತು. ಅಳುವುದು ಕೇಳಿಸಿತ್ತು. ನಾನು ಗೋಡೆಯ ಕಡೆ ಹೊರಳಿ ಮಲಗಿದ್ದೆ.

"ನೀವೂ ಒಂದ ಹಚ್ಚರಿ ಕಾಕು," ಎಂದು ಸ್ನೇಹಲ ಚುಕ್ಕೆ ಕೊಟ್ಟಳು.

ಹಟಕ್ಕಾದರೂ ನನ್ನ ಮನೆಗೇ ಹಚ್ಚಬೇಕೆಂದಿದ್ದೆ. ಬೆರಳು ಎದುರು ಮನೆಯ ಕಟ್ಟೆಗೆ ಹೋಯಿತು. ಅಲ್ಲಿ ಜಾಗವಿರಲಿಲ್ಲ, ಉಳಿದವರ ಚುಕ್ಕೆಗಳ ಅಂಚಿನಲ್ಲಿ ಒತ್ತಿದೆ.

"ನೀವು ಅಲ್ಲೆ ಯಾವಾಗ ಕುಂದರತೀರಿ?" ಅವಳು ಪೆನ್ನು ಹಿಡಿದು ಕೇಳಿದಳು.

"ಇನ್ನಾ ಕುಂತಿಲ್ಲ," ಎಂದೆ. "ಹದಿನೆಂಟ ವರ್ಷ ಆತು, ಖಿಡಕ್ಯಾಗಿಂದ ನೋಡಾಕತ್ತೇನಿ."