ಪೂಜೆಗಿಟ್ಟ ಆಂಪ್ಲಿಫೈಯರ್

ಆ ಆಂಪ್ಲಿಫೈಯರ್ ನಮ್ಮ ಮನೆಗೆ ಬಂದದ್ದು ಕೊರೊನಾದ ಮೊದಲ ಬೇಸಿಗೆಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಸಿಕೊಂಡು. ಇಲ್ಲಿ ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ಒಬ್ಬ ಮುದುಕ ಅದನ್ನು ಸೆಕೆಂಡ್ ಹ್ಯಾಂಡ್ ಮಾರುತ್ತಿದ್ದ. ನಾವು ನಮ್ಮೂರು ಆಲ್ಮೆರೆಯಿಂದ ಹೋದಾಗ ಅದನ್ನು ಬಾಗಿಲಾಚೆ ಮೆಟ್ಟಿಲ ಮೇಲಿಟ್ಟು, ತಾನು ಒಳಗೆ ಹೋಗಿ ಕಿಟಕಿಯಿಂದ ಕೈ ಬೀಸಿದ. ಹತ್ತು ವಾಟ್‌ನದು, ನಮ್ಮ ಅಕ್ಕಿ ಡಬ್ಬಕ್ಕಿಂತ ತುಸು ಗಿಡ್ಡ. ಮುಂದೆ ಕಪ್ಪು ಬಟ್ಟೆ, ಮೇಲೆ ತಿರುಗಿಸುವ ಐದು ಗುಂಡಿ. ಒಂದರ ತಲೆ ಹಾರಿಹೋಗಿತ್ತು. ಸಿಗರೇಟಿನ ವಾಸನೆ ಬೇರೆ. "ಇಷ್ಟು ಅಗ್ಗಕ್ಕೆ ಇನ್ನೇನು ಸಿಗತ್ತೆ" ಎಂದರು ನಮ್ಮೆಜಮಾನರು. ವಿನೆಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಎರಡು ಸಲ ಒರೆಸಿದೆ.

ಅದು ಮಗಳಿಗೆ. ಆಗ ಅವಳಿಗೆ ಹದಿನಾರು. ಶಾಲೆ ಮುಚ್ಚಿದ ಮೇಲೆ ಮಹಡಿಯ ರೂಮು ಸೇರಿದವಳು ಈಚೆ ಬರುವುದನ್ನೇ ಬಿಟ್ಟಿದ್ದಳು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟರೆ ಅರ್ಧ ತಿಂದು ಅಲ್ಲೇ ಇಡುವಳು. ಮಾತೆಂದರೆ ಹ್ಞೂಂ, ಇಲ್ಲವೆಂದರೆ ನೋ. ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು, ಆಂಪ್ ಇಲ್ಲದೆ ಅದರದು ಸೊಳ್ಳೆಯ ದನಿ. ಮೂರು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ತಂದ ದಿನ ಮೇಲಿನಿಂದ ಕೂಗಿದಳು. "ಅಮ್ಮ, ತುಂಬಾ ಲೌಡ್ ಆಯ್ತಾ?"

"ಇಲ್ಲ ಪುಟ್ಟ, ನುಡಿಸು ನುಡಿಸು."

ಸುಳ್ಳು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಆದರೆ ವಾರದೊಳಗೆ ಅವಳು ಕೆಳಗೆ ಬಂದು ನಮ್ಮ ಜೊತೆ ಊಟಕ್ಕೆ ಕೂತಳು. ಎರಡನೇ ಸಲ ಹುಳಿ ಹಾಕಿಸಿಕೊಂಡಳು. ನಾಲ್ಕು ಗಂಟೆಗೆ ಸದ್ದು ಶುರುವಾದರೆ ನಾನು ಮಿಕ್ಸಿ ಹಾಕುವುದನ್ನು ಮುಂದೂಡುತ್ತಿದ್ದೆ.

ಶರತ್ಕಾಲದ ಹೊತ್ತಿಗೆ ಶಾಲೆ ತೆರೆದಿತ್ತು, ಅಲ್ಲಿನ ಇಬ್ಬರು ಹುಡುಗಿಯರು ಇವಳನ್ನು ತಮ್ಮ ಬ್ಯಾಂಡಿಗೆ ಕರೆದರು. ಒಬ್ಬಳ ಮನೆಯ ಗ್ಯಾರೇಜಿನಲ್ಲಿ ಡ್ರಮ್ ಇತ್ತು. ಭಾನುವಾರ ಎರಡು ಗಂಟೆಗೆ ಮೊದಲ ಸಲ ಸೇರುವುದೆಂದಾಯಿತು. ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಲೆಂದು ಶನಿವಾರವೇ ಆಂಪ್ ಅನ್ನು ಕೆಳಗೆ ತಂದು ಬಾಗಿಲ ಬಳಿ ಇಟ್ಟಳು.

ಆ ಭಾನುವಾರ ಆಯುಧಪೂಜೆ. ಮೈಸೂರಿನ ನಮ್ಮ ಮನೆಯಲ್ಲಿ ಆ ದಿನ ದೇವರ ಮುಂದಿಟ್ಟ ವೀಣೆಯ ತಂತಿಯನ್ನು ವಿಜಯದಶಮಿಯ ಬೆಳಗಿನವರೆಗೆ ಬೆರಳಲ್ಲೂ ಸೋಕುವಂತಿರಲಿಲ್ಲ. ಅವಳು ಏಳುವ ಮೊದಲೇ ನಾನು ಸ್ನಾನ ಮಾಡಿ ಎಲ್ಲ ಜೋಡಿಸಿದೆ: ಈಳಿಗೆಮಣೆ, ಕತ್ತರಿ, ಅವಳ ಪುಸ್ತಕ, ಯಜಮಾನರ ಆಫೀಸ್ ಲ್ಯಾಪ್‌ಟಾಪ್, ಆಂಪ್. ಅದರ ಕಪ್ಪು ಬಟ್ಟೆಯ ಮೇಲೆ ಕುಂಕುಮವಿಟ್ಟು ಸೇವಂತಿಗೆ ಏರಿಸಿದೆ. ಅವಳು ಹೋಗಬೇಕೆಂಬುದು ಮರೆತಿತ್ತೆಂದಲ್ಲ. ಸೋಮವಾರ ಶಾಲೆ ಮುಗಿಸಿ ಹೋದರಾಯಿತು ಅಂದುಕೊಂಡೆ.

"ಅಮ್ಮ, ನನ್ನ ಆಂಪ್?"

"ದೇವರ ಹತ್ರ ಇದೆ. ನಾಳೆ ಬೆಳಿಗ್ಗೆ ತೆಗೆದುಕೊಡ್ತೀನಿ."

"ಬಟ್ ಅವರು ವೇಟ್ ಮಾಡ್ತಿರ್ತಾರೆ!"

"ಒಂದು ದಿನ ಕಣೇ. ಒಂದು ದಿನಕ್ಕೆ ಏನು ಮುಳುಗೋಗತ್ತೆ? ಪೂಜೆಗಿಟ್ಟಿದ್ದನ್ನ ಕದಲಿಸಬಾರದು."

"ಇಟ್ಸ್ ಎ ಬಾಕ್ಸ್, ಅಮ್ಮ."

"ನಮ್ಮಜ್ಜಿ ಇದ್ದಿದ್ರೆ ಈ ಮಾತಿಗೆ ನಿನ್ನ ಬೆನ್ನೇ ಡ್ರಮ್ ಆಗ್ತಿತ್ತು."

ಯಜಮಾನರು ದಿನಪತ್ರಿಕೆಯಿಂದ ತಲೆಯೆತ್ತಿ, "ಬಿಡು ಮಗಳೇ, ಒಂದಿನ ಸರಸ್ವತೀನೂ ರಾಕ್ ನುಡಿಸ್ಲಿ" ಎಂದರು. ನಾವಿಬ್ಬರೂ ನಕ್ಕೆವು. ಅವಳು ಫೋನಿನಲ್ಲಿ ಏನೋ ಒತ್ತುತ್ತ ಮೇಲೆ ಹೋದಳು.

ಸಂಜೆ ಐದರ ಸುಮಾರಿಗೆ ಯಜಮಾನರಿಗೆ ಆಫೀಸಿನಿಂದ ಫೋನ್ ಬಂತು, ಅಲ್ಲೇನೋ ನಿಂತುಹೋಗಿತ್ತಂತೆ. ಅವರು ನನ್ನ ಮುಖ ನೋಡಿದರು. ಆ ತಿಂಗಳುಗಳಲ್ಲಿ ಅವರ ಟೀಮಿನ ಇಬ್ಬರನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿಯಾಗಿತ್ತು. ಈ ದೇಶದಲ್ಲಿರಲು ನಮಗಿದ್ದ ಪರ್ಮಿಟ್ ನಿಂತಿದ್ದೂ ಅದೇ ಕೆಲಸದ ಮೇಲೆ. "ತಗೊಳ್ಳಿ, ದೇವರಿಗೆ ಅರ್ಥ ಆಗತ್ತೆ" ಎಂದು ನಾನೇ ಹೂವು ಸರಿಸಿ ಲ್ಯಾಪ್‌ಟಾಪ್ ಎತ್ತಿಕೊಟ್ಟೆ. ಅವರು ಅಂಗಿಯ ಚುಂಗಿನಿಂದ ಕುಂಕುಮ ಒರೆಸಿ ಊಟದ ಮೇಜಿಗೆ ಕೂತರು.

ಅವಳು ನೀರಿಗೆಂದು ಬಂದವಳು ಬಾಗಿಲಲ್ಲೇ ನಿಂತಿದ್ದಳು.

"ಓ, ಅದನ್ನ ತೆಗೀಬಹುದಾ?"

ದನಿ ಏರಿಸಲಿಲ್ಲ. ಸುಮ್ಮನೆ ಕೇಳಿದಳು. ಆಗಲಾದರೂ ಆಂಪ್ ಎತ್ತಿಕೊಡಬಹುದಿತ್ತು. ಇನ್ನೇನು ಕತ್ತಲಾಗುತ್ತೆ, ಈಗ ಕೊಟ್ಟೇನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹಟವೂ ಇತ್ತು. ಅವಳು ಲೋಟ ತುಂಬಿಸಿಕೊಂಡು ಹೋದಳು.

ಮರುದಿನ ಬೆಳಿಗ್ಗೆಯೇ ಆಂಪ್ ಅನ್ನು ಅವಳ ಬಾಗಿಲಿಗೆ ಮುಟ್ಟಿಸಿದೆ.

"ಇವತ್ತು ಹೋಗ್ತೀಯಾ?"

"ಬೇರೆ ಹುಡುಗಿ ಸಿಕ್ಕಿದ್ಲು ಅವರಿಗೆ. ನಿನ್ನೆನೇ ಬಂದ್ಲು."

ತಪ್ಪಾಯಿತು ಎಂದೆ. "ಇಟ್ಸ್ ಫೈನ್" ಎಂದಳು.

ಡಿಸೆಂಬರಿನಲ್ಲಿ ಶಾಲೆ ಮತ್ತೆ ಮುಚ್ಚಿತು. ಇಂಥ ಸಣ್ಣ ಆಂಪ್‌ಗಳಲ್ಲಿ ಹೆಡ್‌ಫೋನಿಗೊಂದು ತೂತಿರುತ್ತದೆ. ಅವಳು ಅದಕ್ಕೆ ಹೆಡ್‌ಫೋನ್ ಚುಚ್ಚಿಕೊಂಡಳು, ಹೊರಗಿನ ಸದ್ದು ನಿಂತುಬಿಟ್ಟಿತು. ಬಾಗಿಲಿಗೆ ಕಿವಿಯಿಟ್ಟರೆ ತಂತಿಗೆ ಉಗುರು ತಾಕುವ ಟಿಕ್ ಟಿಕ್ ಮಾತ್ರ. ಹೊಸ ವರ್ಷ ಕಳೆದ ಮೇಲೆ ಅದೂ ಇಲ್ಲ. ತಟ್ಟೆ ಮತ್ತೆ ಮೆಟ್ಟಿಲಿಗೆ ಹೋಯಿತು. ಶಾಲೆ ತೆರೆದ ಮೇಲೂ ಹೋಗಿ ಬಂದವಳೇ ಮೇಲೆ ಹತ್ತುತ್ತಿದ್ದಳು.

ಮರುವರ್ಷದ ಆಯುಧಪೂಜೆಗೆ ನಾನು ಆಂಪ್ ಕೇಳಬಾರದೆಂದೇ ಇದ್ದೆ. ಅವಳೇ ಅದನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬಂದಳು.

"ಪೂಜೆಗೆ ಬೇಕಲ್ವಾ? ತಗೋ."

"ಬೇಡ ಪುಟ್ಟ, ನಿನ್ನ ಹತ್ರಾನೇ ಇರ್ಲಿ."

"ಪರವಾಗಿಲ್ಲ. ನಂಗೇನಕ್ಕೂ ಬೇಡ."

ಬಟ್ಟೆಯ ನೇಯ್ಗೆಯೊಳಗೆ ಹಿಂದಿನ ವರ್ಷದ ಕುಂಕುಮ ಹಾಗೇ ಇತ್ತು, ಅದರ ಮೇಲೆ ಧೂಳು. ಹೊಸ ಕುಂಕುಮ ಎಲ್ಲಿಡುವುದೆಂದು ತಿಳಿಯದೆ ಬರೀ ಹೂವಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಯಜಮಾನರು ಲ್ಯಾಪ್‌ಟಾಪ್ ತೆಗೆದುಕೊಂಡರು. ಪುಸ್ತಕಗಳನ್ನು ನಾನು ಮೇಲೆ ಕೊಟ್ಟು ಬಂದೆ. ಆಂಪ್ ಅನ್ನು ಮಾತ್ರ, ಅವಳೇ ಬಂದು ಕೇಳಲಿ ಎಂದು, ಅಲ್ಲೇ ಬಿಟ್ಟೆ. ನಾಲ್ಕನೇ ದಿನ ಬಾಡಿದ ಸೇವಂತಿಗೆ ತೆಗೆದು, ಅದರ ಸುತ್ತ ಗುಡಿಸಿದೆ. ಈಗಲೂ ಸುತ್ತಲೇ ಗುಡಿಸುತ್ತೇನೆ.